ಸಿಂಧನೂರು–ಬಳ್ಳಾರಿ ರಸ್ತೆಗೆ ಅಡಾಸ್ ಇರೋ ಕಾರು: ಯಾವುದನ್ನ ನಂಬಬೇಕು, ಯಾವುದನ್ನ ಆಫ್ ಮಾಡಬೇಕು?

ಸಿರುಗುಪ್ಪ_ಸೇತುವೆ:
ಮನೆಯವರೆಲ್ಲ ಕೂಡಿ ಹೊಸ ಕಾರು ನೋಡ್ತಾ ಇದೀವಿ. ಟಾಪ್ ಮಾಡೆಲ್‌ನಲ್ಲಿ ಅಡಾಸ್ (ಕ್ಯಾಮೆರಾ, ರೇಡಾರ್ ಇಟ್ಟು ಡ್ರೈವರ್‌ಗೆ ನೆರವಾಗೋ ವ್ಯವಸ್ಥೆ) ಬರುತ್ತೆ, ಅದರ ಕೆಳಗಿನದರಲ್ಲಿ ಇಲ್ಲ. ಶೋರೂಮ್‌ನಲ್ಲಿ ಕೇಳಿದ್ರೆ "ಮುಂದೆ ಏನು ಬಂದ್ರೂ ಗಾಡಿ ತಾನೇ ನಿಲ್ಲುತ್ತೆ" ಅಂತ ವಿಡಿಯೊ ತೋರಿಸ್ತಾರೆ. ಆ ವಿಡಿಯೊದ ರಸ್ತೆ ನಮ್ಮದಲ್ಲ. ನಮ್ಮ ಓಡಾಟ 150ಎ ಹೆದ್ದಾರಿ ಮೇಲೆ ಜಾಸ್ತಿ: ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಆಗಾಗ ಸಂಡೂರು. ಸುಗ್ಗೀಲಿ ಹುಲ್ಲಿನ ಟ್ರ್ಯಾಕ್ಟರ್, ಕೊಯ್ಯೋ ಮಷಿನ್, ಅರ್ಧ ರಸ್ತೆಗೆ ಹರವಿದ ಭತ್ತ, ರಾತ್ರಿ ಹಿಂದಿನ ದೀಪ ಇಲ್ಲದ ಟ್ರಾಲಿ. ಇಂಥಲ್ಲಿ ಇದು ನಿಜವಾಗಿ ಏನು ಮಾಡುತ್ತೆ? ಅದಿರಿನ ಧೂಳು ಕೂತ್ರೆ? ಮುಂದಿನ ಗ್ಲಾಸ್ ಒಡೆದ್ರೆ? ಕೆಲಸ ಗೊತ್ತಿರೋರು ಬಿಡಿಸಿ ಹೇಳಿ.

ಸೆನ್ಸರ್_ಸಂಗಮೇಶ:
ಮೊದಲು ಒಂದು ಸ್ಪಷ್ಟ ಮಾಡ್ಕೊಳ್ಳಿ. ಚಾಲನೆಯ ಯಾಂತ್ರೀಕರಣಕ್ಕೆ 0ರಿಂದ 5ರವರೆಗೆ ಆರು ಹಂತ ಇವೆ. ನಮ್ಮಲ್ಲಿ ಅಡಾಸ್ ಅಂತ ಮಾರೋದು ಹೆಚ್ಚೆಂದರೆ 2ನೇ ಹಂತ. ಗಾಡಿ ಸ್ಟೇರಿಂಗ್ ತಿರುಗಿಸಬಹುದು, ವೇಗ ಹಿಡಿಯಬಹುದು, ಆದರೆ ರಸ್ತೆ ನೋಡೋ ಕೆಲಸವೂ ಹೊಣೆಯೂ ಪೂರ್ತಿ ಡ್ರೈವರ್‌ದೇ. "ತಾನೇ ಓಡಿಸುತ್ತೆ" ಅನ್ನೋ ಮಾತು 4ನೇ ಹಂತಕ್ಕೆ ಸೇರಿದ್ದು.

ಒಳಗೆ ನಾಲ್ಕು ಬೇರೆ ಬೇರೆ ಕೆಲಸ ಇವೆ. ತುರ್ತು ಬ್ರೇಕ್. ಕ್ರೂಸ್, ಅಂದ್ರೆ ನೀವಿಟ್ಟ ವೇಗ ಹಿಡಿದು ಮುಂದಿನ ಗಾಡಿಗೆ ಅಂತರ ಕಾಯೋದು. ಲೇನ್‌ನಲ್ಲಿ ಹಿಡಿದಿಡೋದು. ಪಕ್ಕದಲ್ಲಿ ಕನ್ನಡಿಗೆ ಕಾಣದ ಕುರುಡು ಜಾಗದ ಎಚ್ಚರಿಕೆ. ಇವನ್ನೆಲ್ಲ ಒಂದೇ ಗಂಟಲ್ಲಿ ಕಟ್ಟಿ ಮಾರೋದರಿಂದಲೇ ಗೊಂದಲ. ತುರ್ತು ಬ್ರೇಕ್ ಯಾವತ್ತೂ ಆಫ್ ಮಾಡಬೇಡಿ. ಲೇನ್ ಹಿಡಿಯೋದನ್ನ 150ಎ ಮೇಲೆ ಯಾವತ್ತೂ ಆನ್ ಮಾಡಬೇಡಿ. ಉಳಿದೆರಡನ್ನ ರಸ್ತೆ ಹೇಗಿದೆ ನೋಡಿ ಹಾಕಿ.

ಕುಷ್ಟಗಿ_ಕಣ:
ಗೆರೆನ ಇಲ್ಲದ ರಸ್ತ್ಯಾಗ ಲೇನ್ ಹಿಡಿಯೋದು ಏನ್ ಹಿಡಿತೈತ್ರಿ?

ಸೆನ್ಸರ್_ಸಂಗಮೇಶ:
ಗೆರೆ ಇಲ್ಲದಿದ್ರೆ ಸುಮ್ಮನಿರುತ್ತೆ, ಅದು ಅಪಾಯ ಅಲ್ಲ. ಅಪಾಯ ಇರೋದು ಅರ್ಧಂಬರ್ಧ ಗೆರೆ ಇದ್ದಾಗ. ಕನ್ನಡಿ ಹಿಂದಿನ ಕ್ಯಾಮೆರಾ ಹುಡುಕೋದು ಕಪ್ಪು ಡಾಂಬರಿನ ಮೇಲಿನ ಉದ್ದನೆಯ ಬಿಳಿ ಅಂಚನ್ನ. ಸಂಜೆ ಬಿಸಿಲು ಎದುರಿಗಿದ್ದಾಗ ಬಿರುಕಿಗೆ ಸುರಿದ ಟಾರಿನ ಪಟ್ಟಿಯೂ ಬೆಳ್ಳಗೆ ಹೊಳೆಯುತ್ತೆ. ಹಳೇ ಗೆರೆ ಸರಿಯಾಗಿ ಅಳಿಸದೆ ಪಕ್ಕದಲ್ಲೇ ಹೊಸದು ಎಳೆದಿರ್ತಾರೆ. ಹರವಿದ ಭತ್ತದ ಅಂಚೂ ನೇರವಾದ ತಿಳಿ ಗೆರೆಯೇ.

ಇನ್ನೊಂದು ತೊಂದರೆ ಗುಂಡಿ ತಪ್ಪಿಸುವಾಗ. ಇಂಡಿಕೇಟರ್ ಹಾಕದೆ ಬಲಕ್ಕೆ ಎಳೆದ್ರೆ, ಗಾಡಿ "ಲೇನ್ ಬಿಟ್ಟ" ಅಂತ ತಿಳಿದು ಎಡಕ್ಕೆ ವಾಪಸ್ ತಳ್ಳುತ್ತೆ. ಆ ಬಲ ಕಡಿಮೆ, ಕೈಯಲ್ಲಿ ಮೀರಬಹುದು. ಆದರೆ ಎಡಕ್ಕೆ ಕಾಲುವೆ ಇರೋ ರಸ್ತೆಯಲ್ಲಿ ಅರ್ಧ ಕ್ಷಣದ ಗಲಿಬಿಲಿಯೂ ಜಾಸ್ತಿನೇ. ಬಹುತೇಕ ಕಾರುಗಳಲ್ಲಿ ಇದು ಸುಮಾರು 60 ಕಿ.ಮೀ. ವೇಗದ ಮೇಲೆ ಕೆಲಸ ಶುರು ಮಾಡುತ್ತೆ, ಅಂದ್ರೆ ಗಲಿಬಿಲಿ ಬರೋದೂ ಆ ವೇಗದಲ್ಲೇ.

ತೋರಣಗಲ್ಲು_ಟಿಪ್ಪರ್:
ಲೇನ್ ವಿಷಯ ಸಣ್ಣದು. ದೀಪ ಇಲ್ಲದ ಟ್ರಾಲಿ ಬಗ್ಗೆ ಕೇಳಿದಾರೆ, ಅದಕ್ಕೆ ಉತ್ತರ ಕೊಡಿ. ರಾತ್ರಿ ಜನ ಸಾಯೋದು ಅಲ್ಲಿ.

ರೇಡಾರ್_ರಾಯಚೂರು:
ಕೊಡ್ತೀನಿ. ಮುಂದಿನ ಬಂಪರ್ ಅಥವಾ ಲೋಗೋ ಹಿಂದೆ ಇರೋದು 77 ಗಿಗಾಹರ್ಟ್ಸ್ ರೇಡಾರ್. ಅದಕ್ಕೆ ಕತ್ತಲೆ ಅಡ್ಡಿಯಲ್ಲ. ಹೋದ ತರಂಗ ವಾಪಸ್ ಬಂದಾಗ ಆವರ್ತನ ಎಷ್ಟು ಬದಲಾಗಿದೆ ಅನ್ನೋದರಿಂದ ಎದುರಿನ ವಸ್ತುವಿನ ವೇಗ ಗೊತ್ತಾಗುತ್ತೆ. ಓಡುವ ಗಾಡಿ ಎದ್ದು ಕಾಣುತ್ತೆ. ನಿಂತದ್ದು ಕಾಣಲ್ಲ ಅಂತಲ್ಲ, ಆದರೆ ನಿಂತ ಟ್ರಾಲಿ, ಸೇತುವೆಯ ಕಂಬಿ, ಮೈಲುಗಲ್ಲು, ಊರ ಹೆಸರಿನ ಫಲಕ ಎಲ್ಲದರಿಂದ ಒಂದೇ ಥರದ ಪ್ರತಿಧ್ವನಿ ಬರುತ್ತೆ. ಎಲ್ಲದಕ್ಕೂ ಬ್ರೇಕ್ ಹಾಕಿದ್ರೆ ಗಾಡಿ ಓಡಿಸೋಕೇ ಆಗಲ್ಲ. ಅದಕ್ಕೇ ತಯಾರಕರು ನಿಂತ ವಸ್ತುಗಳ ಪ್ರತಿಧ್ವನಿಯನ್ನ ಬದಿಗಿಟ್ಟು ಕ್ಯಾಮೆರಾದ ಸಾಕ್ಷಿ ಕೇಳ್ತಾರೆ. ಕ್ಯಾಮೆರಾಗೆ ರಾತ್ರಿ ಕಾಣೋದು ನಿಮ್ಮ ಹೆಡ್‌ಲೈಟ್ ಬಿದ್ದಷ್ಟೇ. ಹಿಂದಿನ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಮಣ್ಣು ಮೆತ್ತಿದ ಹಿಂಬಾಗಿಲು: ಸಾಕ್ಷಿ ತಡವಾಗಿ ಸಿಗುತ್ತೆ, ಇಲ್ಲಾ ಸಿಗೋದೇ ಇಲ್ಲ. ಹೆಚ್ಚು ವೇಗದಲ್ಲಿ ನಿಂತ ಗಾಡಿಗೆ ಸ್ಪಂದಿಸದೆ ಇರಬಹುದು ಅಂತ ಕಾರಿನ ಕೈಪಿಡಿಗಳಲ್ಲೇ ಬರೆದಿರುತ್ತೆ. ಶೋರೂಮ್‌ನಲ್ಲಿ ಆ ಪುಟ ತೆಗೆಸಿ ಓದಿ.

ಲೆಕ್ಕ ನೋಡಿ. 80 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ 22 ಮೀಟರ್. ಕಣ್ಣಿಗೆ ಬಿದ್ದು ಕಾಲು ಬ್ರೇಕ್ ಮುಟ್ಟೋಕೆ ಒಂದೂವರೆ ಸೆಕೆಂಡ್ ಹಿಡಿದ್ರೆ 33 ಮೀಟರ್ ಹೋಯ್ತು. ಒಣ ರಸ್ತೆಯಲ್ಲಿ ಜೋರು ಬ್ರೇಕ್‌ಗೆ ಇನ್ನೂ 36. ಒಟ್ಟು ಹತ್ತಿರ 70 ಮೀಟರ್. ಡಿಮ್ ಲೈಟ್ ಚೆನ್ನಾಗಿ ತೋರಿಸೋದು 40–50 ಮೀಟರ್. ಯಂತ್ರ ತಕ್ಷಣ ಗುರುತಿಸಿದ್ರೆ ನಿಮ್ಮ 33 ಮೀಟರ್‌ನಲ್ಲಿ ಬಹುಪಾಲು ಉಳಿಯುತ್ತೆ, ಅದು ದೊಡ್ಡ ಲಾಭ. ಗುರುತಿಸದೇ ಇದ್ರೆ ಏನೂ ಉಳಿಯಲ್ಲ.

ಹುಲ್ಲಿನ ಲೋಡ್ ಇನ್ನೂ ಕಷ್ಟ. ಒಣ ಹುಲ್ಲಿನಿಂದ ರೇಡಾರ್ ತರಂಗ ವಾಪಸ್ ಬರೋದು ಕಡಿಮೆ, ಒಳಗಿನ ಕಬ್ಬಿಣದ ಬಾಡಿ, ಆ್ಯಕ್ಸಲ್‌ನಿಂದಲೇ ಜಾಸ್ತಿ. ಹುಲ್ಲು ಹಿಂಬಾಗಿಲಿಗಿಂತ ಮೀಟರ್‌ಗಟ್ಟಲೆ ಹೊರಗೆ ಚಾಚಿರುತ್ತೆ. ಗಾಡಿ ಅಳೆಯೋದು ಆ್ಯಕ್ಸಲ್‌ಗೆ, ನೀವು ಮೊದಲು ಹೊಕ್ಕೋದು ಹುಲ್ಲಿಗೆ.

ಬಳ್ಳಾರಿ_ಬೈಪಾಸ್:
ಎಲ್ಲರೂ ಹೆದರಿಸೋದೇ ಆಯ್ತು. ಅಮೆರಿಕದಲ್ಲಿ ವಿಮಾ ಕಂಪನಿಗಳ ಹಣದಿಂದ ನಡೆಯೋ ಹೆದ್ದಾರಿ ಸುರಕ್ಷತಾ ಸಂಸ್ಥೆ ಲೆಕ್ಕ ಹಾಕಿದೆ: ತುರ್ತು ಬ್ರೇಕ್ ಇರೋ ಕಾರುಗಳಲ್ಲಿ ಮುಂದಿನ ಗಾಡಿಗೆ ಹಿಂದಿನಿಂದ ಗುದ್ದೋ ಪ್ರಕರಣ ಸುಮಾರು ಅರ್ಧಕ್ಕೆ ಇಳಿದಿದೆ. ಅರ್ಧ! ಮನುಷ್ಯ ನಿದ್ದೆ ಹೋಗ್ತಾನೆ, ಮೊಬೈಲ್ ನೋಡ್ತಾನೆ, ಕುಡಿದು ಓಡಿಸ್ತಾನೆ. ಯಂತ್ರದ ದೋಷ ಮಾತ್ರ ಎಣಿಸಿ ಮನುಷ್ಯನ ದೋಷ ಬಿಡೋದು ನ್ಯಾಯ ಅಲ್ಲ.

ರೇಡಾರ್_ರಾಯಚೂರು:
ಅದೇ ಸಂಸ್ಥೆಯ 2022ರ ಅಧ್ಯಯನವನ್ನೂ ಹೇಳಿ. ಪಾದಚಾರಿಗಳನ್ನ ಗುರುತಿಸಿ ಬ್ರೇಕ್ ಹಾಕೋ ವ್ಯವಸ್ಥೆಯಿಂದ ಒಟ್ಟಾರೆ 27 ಶೇಕಡಾ ಅಪಘಾತ ಕಡಿಮೆ. ಬೀದಿದೀಪ ಇಲ್ಲದ ಕತ್ತಲೆಯಲ್ಲಿ ನೋಡಿದ್ರೆ ಮಾತ್ರ, ವ್ಯವಸ್ಥೆ ಇದ್ದ ಕಾರಿಗೂ ಇಲ್ಲದ ಕಾರಿಗೂ ವ್ಯತ್ಯಾಸವೇ ಸಿಗಲಿಲ್ಲ. ಸಿಂಧನೂರು ದಾಟಿದ ಮೇಲೆ ಬೀದಿದೀಪ ಎಲ್ಲಿದೆ?

ಬಳ್ಳಾರಿ_ಬೈಪಾಸ್:
ಹಗಲಿನ ಲಾಭ ಲಾಭವಲ್ಲವೇ? ಅದಿದೆ ಅಂತ ರಾತ್ರಿ 100ರಲ್ಲಿ ಹೋಗಬೇಡಿ ಅಷ್ಟೇ.

ತೋರಣಗಲ್ಲು_ಟಿಪ್ಪರ್:
ಹೋಗ್ತಾರೆ, ಅದೇ ಸಮಸ್ಯೆ. "ಗಾಡಿ ನೋಡ್ಕೊಳ್ಳುತ್ತೆ" ಅಂತ ಒಮ್ಮೆ ತಲೆಗೆ ಬಂದ್ರೆ ಕಣ್ಣು ರಸ್ತೆ ಬಿಡುತ್ತೆ. 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ ಊಬರ್‌ನ ತಾನೇ ಓಡೋ ಪರೀಕ್ಷಾ ಕಾರು ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟ್ತಿದ್ದ ಹೆಣ್ಣುಮಗಳಿಗೆ ಗುದ್ದಿ ಕೊಂದಿತು. ಕತ್ತಲೆಯಲ್ಲಿ ಅದಕ್ಕೆ ಆಕೆ ಕಾಣಲೇ ಇಲ್ಲ. ಸೀಟಿನಲ್ಲಿ ಕೂತವರು ರಸ್ತೆ ನೋಡ್ತಿರಲಿಲ್ಲ.

ಸೆನ್ಸರ್_ಸಂಗಮೇಶ:
ಕಾಣಲಿಲ್ಲ ಅನ್ನೋದು ತಪ್ಪು, ನಡೆದದ್ದು ಅದಕ್ಕಿಂತ ಕೆಟ್ಟದ್ದು. ತನಿಖಾ ವರದಿ ಪ್ರಕಾರ ಗುದ್ದುವ 5.6 ಸೆಕೆಂಡ್ ಮೊದಲೇ ರೇಡಾರ್ ಆಕೆಯನ್ನ ಹಿಡಿದಿತ್ತು. ಆಮೇಲೆ ಸಾಫ್ಟ್‌ವೇರ್ ಒಮ್ಮೆ ವಾಹನ, ಒಮ್ಮೆ ಏನೋ ಒಂದು ವಸ್ತು, ಒಮ್ಮೆ ಸೈಕಲ್ ಅಂತ ಗುರುತು ಬದಲಿಸ್ತಾ ಹೋಯ್ತು. ಬದಲಿಸಿದಾಗಲೆಲ್ಲ ಹಿಂದಿನ ಚಲನೆಯ ದಾಖಲೆ ಕೈಬಿಟ್ಟು ಹೊಸದಾಗಿ ಲೆಕ್ಕ. ರಸ್ತೆ ದಾಟುವ ಗುರುತಿಲ್ಲದ ಕಡೆ ಪಾದಚಾರಿ ಬರಬಹುದು ಅನ್ನೋದೇ ಅದರ ಲೆಕ್ಕದಲ್ಲಿ ಇರಲಿಲ್ಲ. ಕಾರಿನ ಜೊತೆ ಕಂಪನಿ ಕೊಟ್ಟಿದ್ದ ತುರ್ತು ಬ್ರೇಕ್ ಅನ್ನೂ, ಕಂಪ್ಯೂಟರ್ ಓಡಿಸುವಾಗ ಆಫ್ ಮಾಡಿಟ್ಟಿದ್ದರು. ಗುರುತು ಹಾಕಿದ ಕಡೆಯೇ ರಸ್ತೆ ದಾಟೋ ಊರು ನಮ್ಮ ಮೂರೂ ಜಿಲ್ಲೆಯಲ್ಲಿ ಯಾವುದಿದೆ?

ಕುಷ್ಟಗಿ_ಕಣ:
ಕುರಿ ಹಿಂಡಿನ ಬಗ್ಗೆ ಯಾರೂ ಹೇಳವಲ್ರಿ. ನಮ್ಮ ಕಡೆ ಮುಂಜಾನೆ ಸಂಜಿ ಹೆದ್ದಾರಿ ಮ್ಯಾಲೆ ನೂರಾರು ಕುರಿ ದಾಟ್ತಾವ.

ಸೆನ್ಸರ್_ಸಂಗಮೇಶ:
ಕ್ಯಾಮೆರಾ ಸಾಫ್ಟ್‌ವೇರ್ ಗುರುತಿಸೋದು ತರಬೇತಿಯಲ್ಲಿ ನೋಡಿದ್ದನ್ನ. ಕಾರು, ಲಾರಿ, ಬೈಕ್, ನಿಂತ ಅಥವಾ ನಡೆಯುವ ಮನುಷ್ಯ ಚೆನ್ನಾಗಿ ಗೊತ್ತು. ಒಂದಕ್ಕೊಂದು ಅಂಟಿಕೊಂಡ ಕುರಿ ಹಿಂಡಿಗೆ ಅಂಚೂ ಇಲ್ಲ, ಒಂದು ಆಕಾರವೂ ಇಲ್ಲ. ವೋಲ್ವೊದವರಿಗೆ ಆಸ್ಟ್ರೇಲಿಯಾದಲ್ಲಿ ಕಾಂಗರೂ ತಲೆನೋವು ತಂದಿತ್ತು, 2017ರಲ್ಲಿ ಅವರೇ ಹೇಳಿದ್ದು. ಪ್ರಾಣಿ ನೆಲದ ಮೇಲೆ ಎಲ್ಲಿದೆ ಅಂತ ನೋಡಿ ದೂರ ಅಳೀತಿತ್ತು, ಕಾಂಗರೂ ಗಾಳಿಯಲ್ಲಿ ಇದ್ದಾಗ ದೂರ ಇದೆ ಅಂತ ತಿಳೀತಿತ್ತು.

ನಮ್ಮ ರಸ್ತೆಗಾಗಿ ಕೆಲಸ ಆಗಿಲ್ಲ ಅಂತಲ್ಲ. ಹೈದರಾಬಾದಿನ ಐಐಐಟಿ 2018ರಲ್ಲಿ ಭಾರತದ ರಸ್ತೆಗಳ 10,000 ಚಿತ್ರಗಳ ಸಂಗ್ರಹ ಹೊರತಂದಿತು, ಆಟೊ, ಪ್ರಾಣಿ ಎಲ್ಲ ಪ್ರತ್ಯೇಕವಾಗಿ ಗುರುತು ಹಾಕಿ. ಆದರೆ ನೀವು ಕೊಳ್ಳೋ ಕಾರಿನ ಸಾಫ್ಟ್‌ವೇರ್ ಕುರಿಗೆ ನಿಲ್ಲುತ್ತಾ ಅನ್ನೋದಕ್ಕೆ ಕೈಪಿಡಿಯೇ ಪ್ರಮಾಣ. ಪ್ರಾಣಿ ಅಂತ ಬರೆದಿಲ್ಲದಿದ್ರೆ ನಿಲ್ಲಲ್ಲ ಅಂತಲೇ ಹಿಡೀರಿ.

ಗ್ಲಾಸ್_ಗ್ಯಾರೇಜ್:
ಧೂಳು ಮತ್ತೆ ಗ್ಲಾಸ್ ವಿಷಯಕ್ಕೆ ಬರ್ತೀನಿ. ಸಂಡೂರಿನ ಒಣ ಕೆಂಧೂಳು ತೆಳುವಾಗಿ ಕೂತ್ರೆ ರೇಡಾರ್‌ಗೆ ಹೆಚ್ಚು ತೊಂದರೆ ಇಲ್ಲ. ಅದೇ ಧೂಳು ಮೊದಲ ಮಳೆಗೆ ಕೆಸರಾಗಿ ಮೆತ್ತಿದ್ರೆ ಬೇರೆ ಮಾತು. ನೀರು 77 ಗಿಗಾಹರ್ಟ್ಸ್ ತರಂಗವನ್ನ ಚೆನ್ನಾಗಿ ಹೀರಿಕೊಳ್ಳುತ್ತೆ, ಡ್ಯಾಶ್ ಮೇಲೆ "ರೇಡಾರ್‌ಗೆ ಅಡ್ಡಿ" ಅಂತ ಬಂದು ಕ್ರೂಸ್ ಆಫ್ ಆಗುತ್ತೆ. ಕ್ಯಾಮೆರಾ ನೋಡೋದು ವೈಪರ್ ಒರೆಸೋ ಜಾಗದಿಂದ. ಅದಿರಿನ ಧೂಳು ಗಟ್ಟಿ ಕಣ, ಒಣ ವೈಪರ್ ಎಳೆದ್ರೆ ಸರಿಯಾಗಿ ಕ್ಯಾಮೆರಾ ಎದುರಿಗೇ ಅರ್ಧಚಂದ್ರದ ಗೀರು ಬೀಳುತ್ತೆ. ಎದುರು ಗಾಡಿ ಲೈಟ್ ಬಿದ್ದಾಗ ಆ ಗೀರೆಲ್ಲ ಬೆಳಗಿ ಕ್ಯಾಮೆರಾ ಕುರುಡಾಗುತ್ತೆ. ಮೊದಲು ನೀರು ಚಿಮುಕಿಸಿ, ಆಮೇಲೆ ವೈಪರ್. ಬ್ಲೇಡ್ ಈ ಬಿಸಿಲಿಗೆ ಬೇಗ ಗಟ್ಟಿಯಾಗುತ್ತೆ, ಬೇಸಿಗೆ ಮುಗಿದ ಕೂಡಲೇ ಬದಲಿಸಿ.

ಆಯುಧಪೂಜೆಗೆ ಲೋಗೋ ಮೇಲೆ ವಿಭೂತಿ, ಕುಂಕುಮ, ಹಾರ ಹಾಕೋದು, ಮುಂದೆ ಬಾಳೆಕಂದು ಕಟ್ಟೋದು ರೂಢಿ. ಲೋಗೋ ಹಿಂದೆ ರೇಡಾರ್ ಇರೋ ಕಾರಿಗೆ ಹಸಿ ಹೂವು, ಎಲೆ ಅಂದ್ರೆ ನೀರಿನ ಗೋಡೆ. ಪೂಜೆ ಬಾನೆಟ್ ಮೇಲೆ ಮಾಡಿ. ನಿಂಬೆ ಮೆಣಸಿನಕಾಯಿ ಪಕ್ಕಕ್ಕೆ ಕಟ್ಟಿ. ಬಂಪರ್ ಮುಂದೆ ಹಾಕಿಸೋ ಬುಲ್ ಬಾರ್ ಅಂತೂ ಬೇಡವೇ ಬೇಡ, ಕಬ್ಬಿಣದ ಪೈಪ್ ನೇರ ರೇಡಾರ್ ಎದುರಿಗೆ ಬರುತ್ತೆ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಅದರ ಮೇಲೆ ಕ್ರಮಕ್ಕೆ ಹೇಳಿದೆ.

ಗ್ಲಾಸ್ ಒಡೆದ್ರೆ: ಬದಲಿಸಿದ ಮೇಲೆ ಕ್ಯಾಮೆರಾ ಕ್ಯಾಲಿಬ್ರೇಷನ್ (ಕ್ಯಾಮೆರಾ ನೇರ ನೋಡೋ ಹಾಗೆ ಮತ್ತೆ ಹೊಂದಿಸೋದು) ಕಡ್ಡಾಯ. ಕ್ಯಾಮೆರಾ ಕೂರುವ ಬ್ರಾಕೆಟ್ ಗ್ಲಾಸಿಗೇ ಅಂಟಿರುತ್ತೆ. ಒಂದೇ ಡಿಗ್ರಿ ವಾರೆಯಾದ್ರೂ 100 ಮೀಟರ್ ದೂರದಲ್ಲಿ 1.75 ಮೀಟರ್ ಆಚೀಚೆ. ಹೆದ್ದಾರಿ ಲೇನಿನ ಅಗಲವೇ 3.5 ಮೀಟರ್, ಅಂದ್ರೆ ಅರ್ಧ ಲೇನ್ ತಪ್ಪು. ಎದುರಿನಿಂದ ಬರೋ ಲಾರಿ ನಿಮ್ಮ ಲೇನಲ್ಲಿದೆ ಅಂತ ಸುಮ್ಮಸುಮ್ಮನೆ ಬ್ರೇಕ್ ಬೀಳೋದು ಹೀಗೇ. ಹಿಂದೆ ಅದಿರಿನ ಲಾರಿ ಇದ್ರೆ ಏನಾಗುತ್ತೆ ಯೋಚನೆ ಮಾಡಿ.

ಸಿರುಗುಪ್ಪ_ಸೇತುವೆ:
ಕ್ಯಾಲಿಬ್ರೇಷನ್ ಸರಿಯಾಗಿ ಮಾಡಿದಾರಾ ಇಲ್ವಾ ಅಂತ ನಮಗೆ ಹೇಗೆ ಗೊತ್ತಾಗಬೇಕು?

ಗ್ಲಾಸ್_ಗ್ಯಾರೇಜ್:
ಗ್ಲಾಸ್ ಕೆಲಸಕ್ಕೆ ಬಿಡೋ ಮೊದಲೇ ಕೇಳಿ: ಗುರಿ ಫಲಕ (ಕ್ಯಾಮೆರಾಗೆ ತೋರಿಸೋ ಗುರುತಿನ ಹಲಗೆ) ಇದೆಯಾ, ಸಮತಟ್ಟು ನೆಲ ಇದೆಯಾ, ಗಾಡಿ ಮುಂದೆ ಖಾಲಿ ಜಾಗ ಇದೆಯಾ. ಕ್ರಮ ಹೀಗೆ: ಮೊದಲು ವೀಲ್ ಅಲೈನ್‌ಮೆಂಟ್, ಯಾಕಂದ್ರೆ ಸ್ಟೇರಿಂಗ್ ನೇರ ಇಲ್ಲದಿದ್ರೆ ಮುಂದಿನದೆಲ್ಲ ವಾರೆ. ನಾಲ್ಕೂ ಟಯರಿಗೆ ಹೇಳಿದಷ್ಟು ಗಾಳಿ. ಡಿಕ್ಕಿಯಲ್ಲಿ ಅಕ್ಕಿ ಚೀಲ, ಗೊಬ್ಬರ ಏನೂ ಇರಬಾರದು, ಹಿಂಭಾಗ ತಗ್ಗಿದ್ರೆ ಕ್ಯಾಮೆರಾ ಆಕಾಶ ನೋಡುತ್ತೆ. ಆಮೇಲೆ ಕಂಪನಿ ಹೇಳಿದ ದೂರ, ಎತ್ತರಕ್ಕೆ ಫಲಕ ನಿಲ್ಲಿಸಿ ಸ್ಕ್ಯಾನರ್‌ನಿಂದ ಕಲಿಸೋದು. ಕೆಲವು ಕಾರಿಗೆ ಫಲಕದ ಬದಲು, ಕೆಲವಕ್ಕೆ ಅದರ ಜೊತೆಗೆ, ಚೆನ್ನಾಗಿ ಗೆರೆ ಇರೋ ರಸ್ತೆಯಲ್ಲಿ ಓಡಿಸಿ ಕಲಿಸಬೇಕು. ಅದಕ್ಕೆ 67ನೇ ಹೆದ್ದಾರಿ ಅಥವಾ ಹೊಸಪೇಟೆ–ಕುಷ್ಟಗಿ ನಾಲ್ಕು ಪಥದ ರಸ್ತೆ ಆಗಬಹುದು, ಒಳರಸ್ತೆ ಆಗಲ್ಲ. ಮುಗಿದ ಮೇಲೆ ಸ್ಕ್ಯಾನರ್ ವರದಿಯ ಪ್ರತಿ ಕೇಳಿ ಇಟ್ಕೊಳ್ಳಿ. ವಿಮೆಯ ಅಂದಾಜಿನಲ್ಲಿ ಕ್ಯಾಲಿಬ್ರೇಷನ್ ಖರ್ಚು ಬೇರೆ ಸಾಲಲ್ಲಿ ಬರೆಸಿ, ಇಲ್ಲದಿದ್ರೆ ಕೊನೆಗೆ ನಿಮ್ಮ ಜೇಬಿಗೆ ಬರುತ್ತೆ. ಬಂಪರ್ ಒಡೆದು ಪುಟ್ಟಿ ಹಚ್ಚಿ ಪೇಂಟ್ ಮಾಡಿದ್ರೆ ರೇಡಾರ್ ಎದುರಿನ ಭಾಗಕ್ಕೆ ಪುಟ್ಟಿ ಬೀಳದ ಹಾಗೆ ನೋಡಿ, ದಪ್ಪ ಹೆಚ್ಚಾದಷ್ಟೂ ತರಂಗ ಕುಂದುತ್ತೆ.

ಸೋನಾ_ಮಸೂರಿ:
ಇಷ್ಟೆಲ್ಲ ಖರ್ಚಿನ ಬದಲು ಎಲ್ಲಾ ಟ್ರಾಲಿಗೂ ರಿಫ್ಲೆಕ್ಟರ್ ಟೇಪ್ ಹಚ್ಚಿಸಿದ್ರೆ ಅಡಾಸ್ ಇರೋರು ಇಲ್ಲದೋರು ಇಬ್ಬರೂ ಉಳೀತಾರೆ. ಟೇಪ್ 50 ಮಿ.ಮೀ. ಅಗಲದ್ದು, ಎಐಎಸ್-090 (ವಾಹನದ ರಿಫ್ಲೆಕ್ಟರ್ ಟೇಪಿನ ಭಾರತದ ಮಾನದಂಡ) ಗುರುತು ಇರೋದು: ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಒಂದು ಟ್ರಾಲಿಗೆ ಕೆಂಪು ಆರು ಮೀಟರ್, ಹಳದಿ ಏಳೆಂಟು ಮೀಟರ್ ಸಾಕು. ತುಕ್ಕು ಕೆರೆದು, ಥಿನ್ನರ್ ಬಟ್ಟೆಯಿಂದ ಒರೆಸಿ, ಒಣಗಿಸಿ, ಬಿಸಿಲಲ್ಲಿ ಒತ್ತಿ ಅಂಟಿಸಬೇಕು. ಜಾತ್ರೆ ಅಂಗಡಿಯ ಹೊಳೆಯೋ ಸ್ಟಿಕ್ಕರ್ ಹಗಲು ಚೆಂದ, ರಾತ್ರಿ ಬೆಳಕನ್ನ ವಾಪಸ್ ಕಳಿಸಲ್ಲ.

ಹುಲ್ಲು ಹೇರಿದಾಗ ಟೇಪ್ ಮುಚ್ಚಿಹೋಗುತ್ತೆ. ಅದಕ್ಕೆ ಒಂದೂವರೆ ಅಡಿ ತಗಡಿಗೆ ಟೇಪ್ ಅಂಟಿಸಿ, ಎರಡು ತೂತು ಕೊರೆದು, ಹಗ್ಗದಿಂದ ಹುಲ್ಲಿನ ಕೊನೆಗೇ ಕಟ್ಟಿ. ಕ್ಯಾಮೆರಾಗೂ ಕಾಣುತ್ತೆ, ಕಣ್ಣಿಗೂ ಕಾಣುತ್ತೆ.

ತೋರಣಗಲ್ಲು_ಟಿಪ್ಪರ್:
ಇದು ಕೆಲಸದ ಮಾತು. ಬಸ್ಸು, ಲಾರಿಗೂ ತುರ್ತು ಬ್ರೇಕ್, ನಿದ್ದೆ ಎಚ್ಚರಿಕೆ ಕಡ್ಡಾಯ ಮಾಡೋ ಕರಡು ಕೇಂದ್ರದವರು 2025ರಲ್ಲಿ ಹೊರಡಿಸಿದರು. ನಿದ್ದೆ ಎಚ್ಚರಿಕೆ ಒಳ್ಳೇದು, ಕಾರಿಗಿಂತ ಲಾರಿಗೇ ಮೊದಲು ಬೇಕು. ಆದರೆ ಡ್ರೈವರ್‌ಗೆ ಮಲಗೋಕೆ ಹೊತ್ತು ಕೊಡದೆ ಬರೀ ಬೀಪ್ ಕೊಟ್ರೆ ಅವನು ಆ ಕ್ಯಾಮೆರಾಗೆ ಟೇಪ್ ಅಂಟಿಸ್ತಾನೆ.

ಬಳ್ಳಾರಿ_ಬೈಪಾಸ್:
ಗಣಿಯಲ್ಲಿ ಡ್ರೈವರ್ ಇಲ್ಲದ ಡಂಪರ್‌ಗಳು 2008ರಿಂದಲೇ ಓಡ್ತಾ ಇವೆ. ಚಿಲಿಯ ಕೊಡೆಲ್ಕೊ ತಾಮ್ರದ ಗಣಿ, ಆಸ್ಟ್ರೇಲಿಯಾದ ಪಿಲ್‌ಬರಾ ಅದಿರು ಗಣಿ. ಫೀನಿಕ್ಸ್‌ನಲ್ಲಿ ವೇಮೊ ಅನ್ನೋ ಟ್ಯಾಕ್ಸಿ ಕಂಪನಿ 2020ರಿಂದ ಡ್ರೈವರ್ ಇಲ್ಲದೆ ಸಾರ್ವಜನಿಕರನ್ನ ಕರೆದೊಯ್ತಿದೆ. ಒಂದು ದಿನ ಇಲ್ಲಿಗೂ ಬರುತ್ತೆ.

ತೋರಣಗಲ್ಲು_ಟಿಪ್ಪರ್:
ಪಿಲ್‌ಬರಾದಲ್ಲಿ ಬೇಲಿ ಒಳಗೆ ಓಡುತ್ತೆ. ಒಳಗಿನ ಪ್ರತಿ ಜೀಪಿಗೂ ಜಿಪಿಎಸ್, ರೇಡಿಯೊ, ಪ್ರತಿ ತಿರುವೂ ನಕ್ಷೆಯಲ್ಲಿ. ದನ ಇಲ್ಲ, ಚಹಾ ಅಂಗಡಿ ಇಲ್ಲ. ನಮ್ಮ ಅದಿರು ಲಾರಿ ಗಣಿ ಗೇಟ್ ದಾಟಿ ಊರೊಳಗೆ ಬರುತ್ತೆ. ಇನ್ನು ಊರೊಳಗೆ ಓಡೋ ಕಾರು: ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2023ರ ಅಕ್ಟೋಬರ್‌ನಲ್ಲಿ ಕ್ರೂಸ್ ಅನ್ನೋ ಹೆಸರಿನ ಕಂಪನಿಯ ಡ್ರೈವರ್ ಇಲ್ಲದ ಕಾರು, ಬೇರೆ ಗಾಡಿ ಗುದ್ದಿ ಕೆಡವಿದ್ದ ಹೆಣ್ಣುಮಗಳನ್ನ ಅಡಿಯಲ್ಲಿ ಸಿಕ್ಕಿಸಿಕೊಂಡು ಸುಮಾರು 20 ಅಡಿ ಎಳೆದೊಯ್ತು. ಪಕ್ಕಕ್ಕೆ ಹೋಗಿ ನಿಲ್ಲೋದು ಅದಕ್ಕೆ ಕಲಿಸಿದ ಸುರಕ್ಷಿತ ಕ್ರಮ! ಪರವಾನಗಿ ಅಮಾನತಾಯ್ತು, 2024ರ ಡಿಸೆಂಬರ್‌ನಲ್ಲಿ ಆ ಕಂಪನಿಯ ಒಡೆಯ ಜನರಲ್ ಮೋಟರ್ಸ್ ಟ್ಯಾಕ್ಸಿ ಯೋಜನೆಗೆ ಹಣ ನಿಲ್ಲಿಸಿತು. ಡ್ರೈವರ್‌ಗಳ ಕೆಲಸ ಹೋಗುತ್ತೆ, ಇಂಥ ಕಾರಿಗೆ ಬಿಡಲ್ಲ ಅಂತ ಗಡ್ಕರಿಯವರು 2023ರಲ್ಲಿ ಹೇಳಿದ್ದರಲ್ಲಿ ತಪ್ಪೇನಿದೆ?

ಮಾನ್ವಿ_ಮೋಟಾರ್:
ಕಾರಿನ ಸುದ್ದಿ ಇರ್ಲಿ, ಹೊಲದಾಗಿನ ಆಟೊ ಸ್ಟಾರ್ಟರ್ ನೋಡ್ರಿ. ತಾನೇ ಚಾಲೂ ಆಗೋದು ಅಂದ್ರ ಏನಂತ ಅದರಾಗ ಗೊತ್ತಾಗತೈತಿ. 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಮ್ಯಾಲೆ 7.5 ಎಚ್‌ಪಿ ಮೋಟರ್ ಆರು ಅದಾವ ಅನ್ರಿ. ಒಂದೊಂದು 11 ಆಂಪ್ ಎಳೀತೈತಿ, ಒಟ್ಟು 66. ಟಿಸಿ ತಾಕತ್ತು 84 ಆಂಪ್, ಓಡೂವಾಗ ಏನೂ ತ್ರಾಸಿಲ್ಲ. ಆದ್ರ ನೇರ ಸ್ಟಾರ್ಟರಿನಾಗ ಮೋಟರ್ ಎದ್ದೇಳುವಾಗ ಆರು ಪಟ್ಟು ಎಳೀತೈತಿ. ತ್ರೀ ಫೇಸ್ ಬಂದ ಕೂಡ್ಲೆ ಆರೂ ಆಟೊ ಒಮ್ಮೆಲೆ ಎದ್ರ 400 ಆಂಪಿನ ಹತ್ರ. ವೋಲ್ಟೇಜ್ ಕುಸೀತೈತಿ, ಕುಸಿದ್ರ ಮೋಟರಿಗೆ ಎದ್ದೇಳಾಕ ಬಲ ಸಾಲಂಗಿಲ್ಲ, ಅದಕ್ಕ ಇನ್ನೂ ಹೊತ್ತು ಹಂಗ ಎಳೀತೈತಿ. ಫ್ಯೂಸ್ ಹೋಗತೈತಿ, ದಪ್ಪ ತಂತಿ ಕಟ್ಟಿದ್ರ ಟಿಸಿನ ಸುಡತೈತಿ. ಭತ್ತ ಹಾಲು ಕಟ್ಟೂವಾಗ ಟಿಸಿ ಹೋದ್ರ ಗತಿ ಏನ್ರಿ?

ಪರಿಹಾರ ಸರಳ ಐತಿ. ಪ್ರತಿ ಸ್ಟಾರ್ಟರಿಗೆ ತಡದ ಟೈಮರ್ ಇರ್ತೈತಿ. ಟಿಸಿ ಮ್ಯಾಲಿನ ರೈತರು ಕುಂತು ಮಾತಾಡಿ ಒಬ್ಬರು 30 ಸೆಕೆಂಡ್, ಮುಂದಿನವರು 60, ಆಮ್ಯಾಲೆ 90 ಹಿಂಗ ಇಡಬೇಕು. ನೀರಿಲ್ಲದಾಗ ಮೋಟರ್ ನಿಲ್ಲಿಸೋ ಡ್ರೈ ರನ್ ರಿಲೇ, ನೀರು ಬರೂವಾಗಿನ ಆಂಪಿನ ಮುಕ್ಕಾಲು ಭಾಗಕ್ಕ ಇಡ್ರಿ. ಫೇಸ್ ಉಲ್ಟಾ ಕಾಯೋ ರಿಲೇ ಬೈಪಾಸ್ ಮಾಡಬ್ಯಾಡ್ರಿ. ಲೈನ್ ರಿಪೇರಿ ಆದಾಗ ಜಂಪರ್ ಅದಲುಬದಲಾದ್ರ ಮೋಟರ್ ಹಿಂದಕ್ಕ ತಿರುಗಿ ನೀರು ಅರ್ಧನೂ ಬರಂಗಿಲ್ಲ.

ಶಕ್ತಿನಗರ_210:
ಮೊಬೈಲ್ ಸ್ಟಾರ್ಟರ್ ಹಾಕಿದೋರು ಅದರ ಸಿಮ್ ರಿಚಾರ್ಜ್ ಮರೆಯಬೇಡಿ. ವ್ಯಾಲಿಡಿಟಿ ಮುಗಿದ್ರೆ ಬಂದ್ ಮಾಡೋ ಕರೆ ತಲುಪಲ್ಲ, ರಾತ್ರಿಯಿಡೀ ಮೋಟರ್ ಓಡಿ ಕೆಳಗಿನ ಗದ್ದೆ ತುಂಬುತ್ತೆ. ಸಿಮ್ ಸತ್ತರೂ ಮೋಟರ್ ನಿಲ್ಲೋ ಹಾಗೆ ಗರಿಷ್ಠ ಓಟದ ಟೈಮರ್ ಹಾಕಿಡಿ.

ಸಿರುಗುಪ್ಪ_ಸೇತುವೆ:
ಮೋಟರ್ ಮಾತೂ ಬೇಕಾದದ್ದೇ. ಕೊನೆಗೆ ಒಂದು: ನಾಲ್ಕು ಪಥದ ರಸ್ತೆಯಲ್ಲಿ ಕ್ರೂಸ್ ಹಾಕ್ಕೊಂಡು ಹೋಗುವಾಗ ರಾಂಗ್ ಸೈಡಿಂದ ಬೈಕ್ ಬಂದ್ರೆ?

ರೇಡಾರ್_ರಾಯಚೂರು:
ನೀವು 80, ಅವನು 40 ಅಂದ್ರೆ ಇಬ್ಬರ ನಡುವಿನ ಅಂತರ ಸೆಕೆಂಡಿಗೆ 33 ಮೀಟರ್ ಕರಗುತ್ತೆ. ಕ್ರೂಸ್ ಇರೋದು ಒಂದೇ ದಿಕ್ಕಿನ ಗಾಡಿ ಹಿಂಬಾಲಿಸೋಕೆ, ಎದುರು ಬರೋದಕ್ಕೆ ಅದು ವೇಗ ಇಳಿಸುತ್ತೆ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಅವರು ಬರೋದು ಮಧ್ಯದ ಡಿವೈಡರ್ ಪಕ್ಕ, ಇಲ್ಲಾ ಎಡ ಅಂಚಲ್ಲಿ. ಊರಿನ ಫಲಕ, ಪೆಟ್ರೋಲ್ ಬಂಕ್, ಡಿವೈಡರ್ ತೆರೆದಿರೋ ಜಾಗ ಕಂಡ ಕೂಡಲೇ ಬ್ರೇಕ್ ಮುಟ್ಟಿ ಕ್ರೂಸ್ ಬಿಡಿಸಿ, 60ಕ್ಕೆ ಇಳಿಸಿ, ದಾಟಿದ ಮೇಲೆ ಮತ್ತೆ ಹಾಕಿ. ಅಂತರದ ಸೆಟ್ಟಿಂಗ್ ಯಾವಾಗಲೂ ಅತಿ ಹೆಚ್ಚಿನದಕ್ಕೆ. ಆ ಖಾಲಿ ಜಾಗಕ್ಕೆ ಬೇರೆಯವರು ನುಗ್ಗುತ್ತಾರೆ, ನುಗ್ಗಲಿ.

ಕುಷ್ಟಗಿ_ಕಣ:
ರಾತ್ರಿ ಕ್ರೂಸ್ ಹಾಕಬ್ಯಾಡ್ರಿ, ಅಷ್ಟ.

ಬಳ್ಳಾರಿ_ಬೈಪಾಸ್:
ಅದನ್ನ ಮಾತ್ರ ಒಪ್ಪಲ್ಲ. ಮುಂದೆ ಲಾರಿ ಇದ್ದು, ಅದರ ಹಿಂದೆ 70ರಲ್ಲಿ ದೊಡ್ಡ ಅಂತರ ಇಟ್ಟು ಹೋಗೋಕೆ ರಾತ್ರಿಯೂ ಕ್ರೂಸ್ ಒಳ್ಳೇದು. ಓಡುವ ಲಾರಿ ರೇಡಾರ್‌ಗೆ ಚೆನ್ನಾಗಿ ಕಾಣುತ್ತೆ, ಮೇಲೆ ರೇಡಾರ್_ರಾಯಚೂರು ಅವರೇ ಹೇಳಿದ್ರು.

ರೇಡಾರ್_ರಾಯಚೂರು:
ಲಾರಿ ಲೇನ್ ಬದಲಿಸಿದ ಕ್ಷಣಕ್ಕೆ ಅದರ ಮುಂದೆ ನಿಂತ ಟ್ರಾಲಿ ಇದ್ರೆ? ಹಿಂಬಾಲಿಸೋ ಗುರಿ ತಪ್ಪಿದ ಕೂಡಲೇ ಕ್ರೂಸ್ ನೀವಿಟ್ಟ ವೇಗಕ್ಕೆ ಏರಿಸೋಕೆ ಹೋಗುತ್ತೆ. ಹಾಕೋದಾದ್ರೆ ಇಟ್ಟ ವೇಗ ಲಾರಿಯ ವೇಗಕ್ಕಿಂತ ಒಂದೂ ಹೆಚ್ಚಿರಬಾರದು, ಬಲಗಾಲು ಬ್ರೇಕ್ ಮುಟ್ಟದೆ ಅದರ ಹತ್ತಿರ ಸಿದ್ಧ ಇರಲಿ.